ಕುಂಕುಮ ಹಚ್ಚಿದ ಫ್ರಿಜ್ಜು

ಖಂಡೇನವಮಿಯ ಆಯುಧಪೂಜೆ ಮುಗಿದ ಮರುದಿನ, ಬಿಸಿಲು ಏರುವ ಹೊತ್ತಿಗೆ ನೀಲವ್ವನ ಮನೆಯ ಫ್ರಿಜ್ಜು ನಿಂತಿತು. ಒಳಗೆ ಎಂಟು ವರ್ಷದ ಮಗಳು ಶಾಂತಾಳ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಇತ್ತು. ಅದು ಸೆಕೆಗೆ ಕೆಟ್ಟರೆ ಮಗಳು ಉಳಿಯುವಂತಿರಲಿಲ್ಲ.

ಆ ಕಾಲದಲ್ಲಿ ರಿಪೇರಿಗೆ ರೊಕ್ಕ ನಡೆಯುತ್ತಿರಲಿಲ್ಲ. ಫ್ರಿಜ್ಜು ಕೊಟ್ಟ ಕಂಪನಿಯವರು ಬೇರೆ ಯಂತ್ರ ಇಟ್ಟು, ಮನೆಯವರೊಬ್ಬರನ್ನು ಕಾರ್ಖಾನೆಯ ದುಡಿಮೆಗೆ ಕರೆದೊಯ್ಯುತ್ತಿದ್ದರು. ಯಂತ್ರ ತಾನಾಗಿ ಕೆಟ್ಟಿದ್ದರೆ ಹದಿನೈದು ದಿನ. ಯಾರದಾದರೂ ಕೈಬಿದ್ದು ಕೆಟ್ಟಿದ್ದರೆ ಹನ್ನೆರಡು ವರ್ಷ, ಅದೂ ಕೈ ಹಾಕಿದವರೇ ಹೋಗಬೇಕು.

ಗಾಡಿಯಲ್ಲಿ ಹೊಸ ಯಂತ್ರ ಹೇರಿಕೊಂಡು ಬಂದ ಕಂಪನಿಯಾತ ಫ್ರಿಜ್ಜಿನ ಹಿಂಬದಿಯ ಸಂದಿಯಲ್ಲಿ ಬೆರಳಾಡಿಸಿದ. "ಒಳಗ ಕುಂಕುಮದ ನೀರು ಇಳದೈತಿ. ಯಾರು ಹಚ್ಚಿದ್ರಿ?"

"ಪೂಜಿ ಮಾಡೇವ್ರಿ ಯಪ್ಪಾ, ಕುಡಗೋಲಿಗೆ ಹಚ್ಚಿದಂಗ!" ಎಂದಳು ನೀಲವ್ವ.

"ಕುಡಗೋಲು ಕಂಪನೀದಲ್ಲ ಯವ್ವಾ. ಹೆಸರು ಹೇಳ್ರಿ."

ಹಚ್ಚಿದವಳು ನೀಲವ್ವನೇ. ಅವಳು ಹೋದರೆ ಮಗಳಿಗೆ ಇಂಜೆಕ್ಷನ್ ಕೊಡುವವರಿಲ್ಲ. ಗಂಡ ಚನ್ನವೀರಪ್ಪ ಸೂಜಿ ಕಂಡರೆ ಬವಳಿ ಬಂದು ಬೀಳುವವ. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಅವನು ಎದ್ದ.

"ನಾ ಹಚ್ಚೇನ್ರಿ. ಫ್ರಿಜ್ಜಿಗೆ ಹಿಂಬದಿ ಐತಿ ಅನ್ನೂದಽ ಇಕಿಗೆ ಗೊತ್ತಿಲ್ಲ."

"ಹನ್ನೆರಡು ವರ್ಷರೀ, ಯಜಮಾನ್ರ."

"ಮಗಳ ಮದುವಿ ಹೊತ್ತಿಗೆ ಬರ್ತೀನಿ ತಗೋರಿ. ಮೊದಲ ಹೊಸಾದು ಇಳಸ್ರಿ, ಔಷಧ ಬೆಚ್ಚಗಾಗಾಕ ಹತ್ತೈತಿ."

"ಸುಳ್ಳ ಹೇಳಬ್ಯಾಡ್ರಿ..." ಎಂದು ಅಂಗಿ ಹಿಡಿದ ಹೆಂಡತಿಯ ಕೈಯನ್ನು ಅವನು ಮೆಲ್ಲಗೆ ಬಿಡಿಸಿದ. "ಸುಮ್ನಿರು. ಕೂಸಿಗೆ ಸೂಜಿ ಹೊತ್ತಾತು."

ನೀಲವ್ವ ಮಗಳ ತೋಳಿಗೆ ಸೂಜಿ ಚುಚ್ಚುತ್ತಿರುವಾಗಲೇ ಗಾಡಿ ಹೊರಟ ಸದ್ದಾಯಿತು. ಓಣಿಯವರು ಬನ್ನಿ ಕೊಡಲು ಬರುವ ಮೊದಲೇ, ದಸರೆಯ ಶುಕ್ರವಾರ, ಚನ್ನವೀರಪ್ಪ ಹೋದ.