ಬೀರಪ್ಪನಿಗೆ ಬಿಟ್ಟ ಹೋರಿ

ಹುಲ್ಲಪ್ಪ ತನ್ನ ಬೀಜದ ಹೋರಿಯ ಹಣೆಗೆ ಅಂಗೈ ತುಂಬ ಅರಿಸಿನದ ಭಂಡಾರ ಬಳಿದು, ಕೊರಳ ಹಗ್ಗ ಬಿಚ್ಚಿ, ಮನೆಯ ಮುಂದೆ ನೆರೆದ ಮಂದಿಯತ್ತ ತಿರುಗಿದ.

“ಇವತ್ತಿನಿಂದ ಇದು ನಂದಲ್ಲ, ಬೀರಪ್ಪಂದು. ಯಾರೂ ಕಟ್ಟಂಗಿಲ್ಲ, ಬಡಿಯಂಗಿಲ್ಲ. ಊರಾಗಿನ ಆಕಳಿಗೆಲ್ಲಾ ಇದರ ಬೀಜ ಪುಕ್ಕಟ!”

ಡೊಳ್ಳು ಗುಡುಗಿದವು. “ಎಂಥಾ ದೊಡ್ಡ ಮನಸೋ ಹುಲ್ಲಪ್ಪಣ್ಣಂದು!” ಎಂದರು ಮಂದಿ. ದೊಡ್ಡ ಮನಸ್ಸಿನವನು ಅದೇ ಹಳದಿ ಕೈಯನ್ನು ಮೀಸೆಯ ಮೇಲೆ ಆಡಿಸಿಕೊಂಡ.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬೋರವ್ವನಿಗೆ ನಗು ಬಂತು. ಅದರ ಬೆನ್ನಿಗೇ ಹೇಸಿಗೆಯೂ. ಈ ಹೋರಿಗೆ ಹುಟ್ಟಿದ ಒಂದು ಮಣಕವೂ ಗಬ್ಬ ನಿಂತಿರಲಿಲ್ಲ. ಕಮತಗಿಯಿಂದ ಬಂದ ದನದ ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿದ್ದಳು: “ದೋಷ ಹೋರಿ ರಕ್ತದಾಗ ಐತಿ, ಹುಲ್ಲಪ್ಪ. ಇದಕ್ಕ ಹುಟ್ಟಿದ ಕರಕ್ಕೆಲ್ಲಾ ಬರತೈತಿ. ಬೀಜ ಒಡಿಸಿ ಹೊಲದ ಗಳೆಕ್ಕ ಕಟ್ರಿ.” ಜಾತ್ರೆಯಲ್ಲಿ ಬಹುಮಾನ ಗೆದ್ದ ಹೋರಿಯ ಬೀಜ ಒಡೆಸಿದರೆ ಹುಲ್ಲಪ್ಪನ ಮೀಸೆಯ ಗತಿ? ಮಣಕಗಳನ್ನು ಅಮೀನಗಡದ ಸಂತೆಯಲ್ಲಿ ಬಾಯಿ ತುಂಬ ಹೊಗಳಿ ಮಾರಿ, ಹೊಸ ಕೆಂದಾಕಳೊಂದನ್ನು ತಂದ. ಹೋರಿಗೆ ದೇವರನ್ನು ಹುಡುಕಿದ. “ತುಟಿ ಬಿಚ್ಚಿದಿ ಅಂದ್ರ ನೋಡು,” ಎಂದು ಹೆಂಡತಿಗೆ ತಾಕೀತು ಮಾಡಿದ.

ಗುಂಪನ್ನು ಸೀಳಿಕೊಂಡು ನೆರೆಮನೆಯ ರಂಜಾನಬಿ ತನ್ನ ಆಕಳನ್ನು ಹಿಡಿದು ಬಂದಳು. ಅವಳಿಗಿದ್ದದ್ದು ಅದೊಂದೇ. ಬೋರವ್ವ ಜ್ವರದಲ್ಲಿ ಬಿದ್ದಿದ್ದಾಗ ದಿನಾ ಒಂದು ತಂಬಿಗೆ ಹಾಲು ತಂದು ಹೊಸ್ತಿಲಲ್ಲಿಟ್ಟು, ಮಾತಿಲ್ಲದೆ ಹೋಗುತ್ತಿದ್ದವಳು.

“ಮುಂಜಾನಿಂದ ಬೆದಿಗಿ ಬಂದು ಒದರಾಕತ್ತೈತಿ ಬೋರವ್ವಾ. ಒಂದು ಹೆಣ್ಣಗರ ಹುಟ್ಟಿದ್ರ ಸಾಕು, ಮುಂದಿನ ಹೈನ ಅದರದ. ದೇವರ ಕಳಿಸಿದಂಗಾತು ನೋಡು.”

“ತಡಿ ಯವ್ವಾ,” ಎಂದು ಬೋರವ್ವ ಗಂಡನಿಗೆ ಕೇಳುವಂತೆ ದನಿ ಎತ್ತಿದಳು. “ಏನ್ರೀ, ನಮ್ಮ ಕೆಂದಾಕಳೂ ಬೆದಿಗಿ ಬಂದೈತಿ. ದೇವರ ಪ್ರಸಾದ ಪೈಲಾ ಕೊಟ್ಟವರ ಮನಿಗೇ ಆಗಲಿ. ಬಿಡ್ಲೇನು?”

ಅವಳು ಕೊಟ್ಟಿಗೆಯ ಬಾಗಿಲ ಅಗಳಿ ತೆಗೆದಳು. ಡೊಳ್ಳು ನಿಂತವು.

“ಏ, ಏ! ಬ್ಯಾಡ! ನಮ್ಮದಕ್ಕ ಬ್ಯಾಡ!” ಹುಲ್ಲಪ್ಪ ಹಾರಿ ಬಂದ.

“ಯಾಕ್ರಿ? ಊರಿಗೆಲ್ಲಾ ಬೇಕಾದದ್ದು ನಮಗ್ಯಾಕ ಬ್ಯಾಡ?”

ಅವನು ಬಾಗಿಲನ್ನು ದೂಡಿ ಮುಚ್ಚಿ, ಎರಡೂ ಕೈಯೂರಿ ಒತ್ತಿ ಹಿಡಿದ. ಸರಿದಾಗ ಹಲಗೆಯ ಮೇಲೆ ಹಳದಿ ಬೆರಳುಗಳು ಸಾಲಾಗಿ ಮೂಡಿದ್ದವು.

ರಂಜಾನಬಿ ಆ ಬೆರಳುಗಳನ್ನು ನೋಡಿದಳು. ಬೋರವ್ವನ ಮುಖವನ್ನೂ ನೋಡಿದಳು. ಆಕಳ ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು ಮನೆಯ ಕಡೆ ತಿರುಗಿದಳು.

ಉಳಿದವರು ಬೀರಪ್ಪನ ಹೋರಿಗೆ ಭಕ್ತಿಯಿಂದ ಕೈಮುಗಿದರು. ಆಮೇಲೆ ಒಬ್ಬೊಬ್ಬರಾಗಿ, ತಮ್ಮ ತಮ್ಮ ಕೊಟ್ಟಿಗೆಯ ಅಗಳಿ ಹಾಕಲು ಓಡಿದರು.