ಎಣ್ಣೆ ಹಚ್ಚಿದ ಕೂದಲು

ತೀರಿಕೊಂಡವರ ಕೂದಲನ್ನು ಗಾಜಿನಂತೆ ಗಟ್ಟಿಯಾಗುವ ರೆಸಿನ್‌ನಲ್ಲಿ ಹುದುಗಿಸಿ ನೆನಪಿನ ಪೆಂಡೆಂಟ್ ಮಾಡುವುದನ್ನು ನಾನು ಆಗಷ್ಟೇ ಕಲಿತು ಮುಗಿಸಿದ್ದೆ. "ದುಃಖದಲ್ಲಿ ಬಂದವರ ಮುಂದೆ ಯಾವತ್ತೂ ಮುಖ ಸಿಂಡರಿಸಬೇಡ" ಎಂದು ಕಲಿಸಿದ ಟೀಚರ್ ಪದೇ ಪದೇ ಹೇಳಿದ್ದರು. ಅವರು ನನ್ನ ಮೊದಲ ಗಿರಾಕಿಯನ್ನು ನೋಡಿರಲಿಲ್ಲ.

ಆಕೆ ಜರಿ ಸೀರೆಯುಟ್ಟು ಬಂದಳು. ಪ್ಲಾಸ್ಟಿಕ್ ಕವರಿನಲ್ಲಿದ್ದ ನರೆಗೂದಲನ್ನು ನನ್ನ ಟೇಬಲ್ಲಿನ ಮೇಲೆ ಎಸೆದಳು.

"ನಮ್ಮಮ್ಮಂದು. ಮೂವತ್ತು ಪೀಸ್ ಮಾಡ್ಕೊಡಿ. ವೈಕುಂಠ ಸಮಾರಾಧನೆಗೆ ಬಂದೋರಿಗೆಲ್ಲ ರಿಟರ್ನ್ ಗಿಫ್ಟ್ ಕೊಡ್ಬೇಕು."

ನಾನು ಕವರ್ ಬಿಚ್ಚಿ ಕೂದಲನ್ನು ಮುಟ್ಟಿ ನೋಡಿದೆ.

"ಬಿಳಿ ಕೂದ್ಲು ಚೆನ್ನಾಗಿ ಕಾಣಲ್ಲ. ಕಪ್ಪು ಡೈ ಹಾಕ್ಬಿಡಿ. ಗ್ಲಿಟರೂ ಇರ್ಲಿ."

"ಎಣ್ಣೆ ಜಿಡ್ಡಿದೆ ಮೇಡಂ, ಮೊದಲು ತೊಳೀಬೇಕು" ಎಂದೆ. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಕೊನೆಗಾಲದಲ್ಲೂ ಯಾರೋ ಆ ತಲೆಗೆ ಅಕ್ಕರೆಯಿಂದ ಎಣ್ಣೆ ಹಚ್ಚಿದ್ದರು. ಈಕೆಯಂತೂ ಅಲ್ಲ.

"ತೊಳೀರಿ, ಏನಾದ್ರೂ ಮಾಡಿ. ನನ್ನ ನಾದಿನಿ ಅವಳ ಅತ್ತೆ ತಿಥೀಲಿ ಎಲ್ಲರಿಗೂ ಬೆಳ್ಳಿ ಬಟ್ಟಲು ಹಂಚಿ ಮೆರೆದ್ಲು. ನಂದು ಅದಕ್ಕಿಂತ ಜೋರಾಗಿರ್ಬೇಕು."

"ಸಮಾರಾಧನೆ ಯಾವತ್ತು?"

"ಡೇಟ್ ಆಮೇಲೆ ಹೇಳ್ತೀನಿ. ನೀವು ರೆಡಿ ಮಾಡಿಟ್ಟಿರಿ."

ಈ ಹೆಂಗಸು ಇಲ್ಲಿಂದ ತೊಲಗಿದರೆ ಸಾಕಾಗಿತ್ತು.

"ಇಷ್ಟು ಕೂದಲು ಹತ್ತು ಪೀಸಿಗೂ ಸಾಲಲ್ಲ, ಬೇರೆ ಕಡೆ ವಿಚಾರಿಸಿ" ಎಂದು ಕವರನ್ನು ಅವಳತ್ತ ತಳ್ಳಿದೆ.

ಆಕೆಗೆ ಒಂಚೂರೂ ಬೇಸರವಾಗಲಿಲ್ಲ. ಟೇಬಲ್ಲಿನ ಮೇಲಿದ್ದ ನನ್ನ ಕತ್ತರಿಯನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದಳು.

"ಒಂದೈದು ನಿಮಿಷ ಇರಿ, ಅಮ್ಮ ಕಾರಲ್ಲೇ ಕೂತಿದ್ದಾರೆ."