ಕೆನೆ ಕದ್ದವರು

ಪೂರ್ತಿ ತಿಳಿಯದ ಸಂಗತಿಯೊಂದನ್ನು ಹೇಳಲು ಹೊರಟಿದ್ದೇನೆ, ಕ್ಷಮಿಸಿ. ನಾನು ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು.

ನಮ್ಮಲ್ಲಿಗೆ ಹಾಲು ಹಾಕುವ ಒಂದು ಮನೆಯ ಎಮ್ಮೆಹಾಲಿನಲ್ಲಿ ಫ್ಯಾಟು, ಅಂದರೆ ಕೊಬ್ಬಿನ ಅಂಶ, ದಿನದಿನಕ್ಕೂ ಇಳಿಯುತ್ತಿತ್ತು. “ಕೆನೆ ತೆಗೆದು ತವರಿಗೆ ಬೆಣ್ಣೆ ಸಾಗಿಸ್ತೀಯಾ ಕಳ್ಳಿ? ಅಲ್ಲಿಗೇ ಹೋಗು!” ಎಂದು ಅತ್ತೆ ಸೊಸೆಯನ್ನು ಹೊರಗಟ್ಟಿದಳು. ಮರುದಿನದಿಂದ ಹಾಲನ್ನು ತಾನೇ ಕರೆದಳು. ಫ್ಯಾಟು ಇನ್ನೂ ಇಳಿಯಿತು. ಯಂತ್ರ ಕೆಟ್ಟಿದೆಯೇನೋ ಎಂದು ನಾನು ಎರಡೆರಡು ಸಲ ಪರೀಕ್ಷಿಸಿದೆ.

“ಈಗ ಕೆನೆ ತಿಂದೋರು ಯಾರಮ್ಮೋ?” ಎಂದು ಸಾಲಿನಲ್ಲಿದ್ದವರು ನಕ್ಕರು.

ಕೆಲವು ವಾರಗಳಲ್ಲಿ ಎಮ್ಮೆ ಮೆಲುಕು ಹಾಕುವುದನ್ನೂ ಬಿಟ್ಟಿತು. ಪಶುವೈದ್ಯರು ಬಂದರು.

“ಏನು ಕುಡಿಸ್ತಿದ್ದೀಯಮ್ಮ?”

“ಕಡಲೆಕಾಯಿ ಎಣ್ಣೆ ಸ್ವಾಮಿ. ಸೊಸೆ ಇದ್ದಾಗಿನಿಂದ್ಲೂ ಕುಡಿಸ್ತಿದ್ದೀನಿ, ಹಾಲು ಗಟ್ಟಿಯಾಗ್ಲಿ ಅಂತ. ಫ್ಯಾಟು ಇಳಿದಷ್ಟೂ ಜಾಸ್ತಿ ಕುಡಿಸ್ದೆ.”

“ಅಷ್ಟು ಎಣ್ಣೆ ಹೋದ್ರೆ ಹೊಟ್ಟೇಲಿ ಮೇವು ಅರಗಲ್ಲ. ಫ್ಯಾಟು ಇಳಿದಿದ್ದೂ ಅದಕ್ಕೇ.”

ಅತ್ತೆ ಮಗನ ಕಡೆ ತಿರುಗಿದಳು. “ಹೋಗಿ ಕರ್ಕೊಂಡ್ ಬಾರೋ ಮಗಾ. ಅಮ್ಮ ಕಾಲು ಹಿಡೀತಾಳಂತೆ ಅನ್ನು.”

ಮಗ ಅಂದೇ ಹೊರಟ. ಅವನು ಮಾವನ ಮನೆಯ ಜಗಲಿ ಹತ್ತುವಷ್ಟರಲ್ಲಿ ಹೆಂಡತಿಯ ತಾಯಿ ಹೊರಗೆ ಬಂದು, ಅವನ ಬೆನ್ನ ಹಿಂದೆ ಕಣ್ಣಾಡಿಸಿ ಕೇಳಿದಳು:

“ಒಬ್ರೇ ಬಂದ್ರಾ ಅಳಿಯಂದ್ರೇ? ನಮ್ಮ ಹುಡುಗೀನ ಕರ್ಕೊಂಡು ಬರ್ಲಿಲ್ವಾ?”